ಹೂವಿನ ಚಿತ್ರಕ್ಕೆ ಅಂಕ, ಹುಡುಗಿಯ ಮಾತಿಗೆ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಪಾಠದ ಕೊನೆಯಲ್ಲಿ, ಪ್ರಜನನ ಆರೋಗ್ಯದ ಭಾಗದಲ್ಲಿ, ಯಾರೂ ಅಷ್ಟಾಗಿ ಗಮನಿಸದ ಕೆಲವು ಸಾಲುಗಳಿವೆ. ಇಷ್ಟವಿರಲಿ ಬಿಡಲಿ, ಗೆಳೆಯರು ಒತ್ತಾಯ ಮಾಡಬಹುದು. ಮದುವೆಯಾಗು, ಮಕ್ಕಳಾಗಲಿ ಎಂದು ಮನೆಯವರು ಬೆನ್ನು ಬೀಳಬಹುದು. ಮಕ್ಕಳು ಬೇಡವೆಂದು ಸರ್ಕಾರವೇ ಒತ್ತಡ ತರಬಹುದು. ಇಷ್ಟರ ನಡುವೆ ನಿರ್ಧಾರ ಮಾಡುವುದು ಕಷ್ಟ ಎಂಬ ಅರ್ಥದ ಮಾತುಗಳು. ಎನ್‌ಸಿಇಆರ್‌ಟಿ ರೂಪಿಸಿದ, ನಮ್ಮ ರಾಜ್ಯವೂ ಬಳಸುತ್ತ ಬಂದಿರುವ ಈ ಪಾಠದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಓದುತ್ತಿರುವ ಹುಡುಗ ಹುಡುಗಿಯರು ನಿರ್ಧಾರ ಮಾಡಬಲ್ಲವರು ಎಂದು ಪುಸ್ತಕ ಇಲ್ಲಿ ಒಪ್ಪಿಕೊಂಡಿದೆ.

ಆದರೆ ಒಪ್ಪಿಕೊಂಡ ಕೂಡಲೇ ಪಾಠ ರೋಗಗಳತ್ತ ಹೊರಳುತ್ತದೆ. ಗೊನೋರಿಯಾ, ಸಿಫಿಲಿಸ್, ಎಚ್‌ಐವಿ, ಆಮೇಲೆ ಗರ್ಭನಿರೋಧಕಗಳು. ನಿರ್ಧಾರ ಮಾಡುವುದು ಹೇಗೆ ಎಂಬುದು ಅಲ್ಲೇ ಉಳಿಯುತ್ತದೆ. ತರಗತಿಯಲ್ಲಂತೂ ಇಷ್ಟೂ ದಕ್ಕುವುದು ಅಪರೂಪ. ಹೂವಿನ ನೀಳಛೇದ ಚಿತ್ರ ಬರೆದು ಪರಾಗಕೋಶ, ಶಲಾಕಾಗ್ರ ಗುರುತಿಸುವುದನ್ನು ಮಕ್ಕಳಿಗೆ ಮತ್ತೆಮತ್ತೆ ತಿದ್ದಿಸುತ್ತಾರೆ, ಅದಕ್ಕೆ ಅಂಕವಿದೆ. ಮನುಷ್ಯರ ಭಾಗ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎನ್ನುವ ಮೇಷ್ಟರು ಎಷ್ಟೋ ಮಂದಿ. ತನ್ನ ದೇಹದ ಹೆಸರನ್ನು ಹಿರಿಯರು ನುಂಗಿಕೊಳ್ಳುವುದನ್ನು ಕಂಡ ಮಗು, ಅದು ನಾಚಿಕೆಪಡಬೇಕಾದ ವಸ್ತು ಎಂದು ಕಲಿತೇ ಕಲಿಯುತ್ತದೆ.

ಹದಿಹರೆಯದ ಶಿಕ್ಷಣ ಕಾರ್ಯಕ್ರಮ 2005ರಲ್ಲಿ ದೇಶದ ಶಾಲೆಗಳಿಗೆ ಬಂದದ್ದೂ ಏಡ್ಸ್ ತಡೆಯ ಹಾದಿಯಲ್ಲೇ. 2007ರ ಹೊತ್ತಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಮಕ್ಕಳು ಕೆಡುತ್ತಾರೆ ಎಂದರು ವಿರೋಧಿಸಿದವರು. ಸೋಂಕು ತಗಲುತ್ತದೆ, ಕಲಿಸಲೇಬೇಕು ಎಂದರು ಬೆಂಬಲಿಸಿದವರು. ಎರಡೂ ಕಡೆಯವರು ಆಡಿದ್ದು ಭಯದ ಮಾತನ್ನೇ. ಹದಿನಾಲ್ಕರ ಹುಡುಗಿಗೆ ತನ್ನ ಬಗ್ಗೆ ತನಗೇನನ್ನಿಸುತ್ತದೆ ಎಂಬುದು ಆ ಜಗಳದಲ್ಲಿ ಯಾರಿಗೂ ಬೇಕಿರಲಿಲ್ಲ.

2020ರಲ್ಲಿ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮಕ್ಕೆ ಬಂದ ಪಠ್ಯಕ್ರಮ ಇದಕ್ಕಿಂತ ಎಷ್ಟೋ ಮೇಲು. ಅದರ 11 ವಿಷಯಗಳಲ್ಲಿ ಮಾನಸಿಕ ಆರೋಗ್ಯ, ಪರಸ್ಪರ ಸಂಬಂಧ, ಲಿಂಗ ಸಮಾನತೆ, ಇಂಟರ್ನೆಟ್ ಸುರಕ್ಷತೆ ಎಲ್ಲವೂ ಇವೆ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುವ ಏರ್ಪಾಡೂ ಇದೆ. ಮೆಚ್ಚಿದೆ. ನನ್ನ ತಕರಾರು ಅದರ ಜೋಡಣೆಯ ಬಗ್ಗೆ. ಸಂಬಂಧದ ಪಾಠ ಒಂದು ಕಡೆ, ಪ್ರಜನನ ಆರೋಗ್ಯದ್ದು ಇನ್ನೊಂದು ಕಡೆ. ಹದಿನೈದರ ಬದುಕಿನಲ್ಲಿ ಇವು ಬೇರೆಬೇರೆಯಾಗಿ ಬರುವುದಿಲ್ಲ. 'ನಿಜವಾಗಿ ಪ್ರೀತಿಯಿದ್ದರೆ ಫೋಟೊ ಕಳಿಸು' ಎಂಬ ಒಂದೇ ಮೆಸೇಜಿನಲ್ಲಿ ಪ್ರೀತಿ, ದೇಹ, ಮೊಬೈಲು, ಕಳೆದುಕೊಳ್ಳುವ ಹೆದರಿಕೆ ಒಟ್ಟಿಗೇ ಬರುತ್ತವೆ. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗಸೂಚಿ ತನ್ನ ಎಂಟು ಮೂಲ ಪರಿಕಲ್ಪನೆಗಳಲ್ಲಿ ಸಂಬಂಧಗಳನ್ನೇ ಮೊದಲಿಗಿಟ್ಟಿದೆ, ದೇಹದ ವಿವರ ಆಮೇಲೆ. ಆ ಕ್ರಮ ನನಗೆ ಸರಿ ಕಾಣುತ್ತದೆ.

ಆ ಮೆಸೇಜನ್ನೇ ಬೋರ್ಡಿನ ಮೇಲೆ ಬರೆದು ಉತ್ತರ ಹೇಳಿಸಬೇಕು. ಮೊದಮೊದಲು ನಗು, ಗುಸುಗುಸು ಇದ್ದೇ ಇರುತ್ತದೆ, ಇರಲಿ. 'ಇಲ್ಲ, ಕಳಿಸಲ್ಲ' ಎಂಬುದನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಹೇಳಿದ್ದಕ್ಕೆ ಯಾರಿಂದಲೂ ಬೈಸಿಕೊಳ್ಳದೆ ಕೂತ ಹುಡುಗಿಗೆ ತನ್ನ ಮಾತಿಗೆ ಬೆಲೆಯಿದೆ ಎಂಬುದು ಗೊತ್ತಾಗುತ್ತದೆ. ನಿನ್ನನ್ನು ನೀನು ಗೌರವಿಸಿಕೋ ಎಂಬ ಭಾಷಣದಿಂದ ಅದು ಬರುವುದಿಲ್ಲ.

ಹುಡುಗರಿಗೂ ಇದು ಅಷ್ಟೇ ಬೇಕು. ಪ್ಯಾಡಿನ ಬಗ್ಗೆ ಹೇಳುವ ದಿನ ಅವರನ್ನು ಆಟದ ಮೈದಾನಕ್ಕೆ ಕಳಿಸುವ ರೂಢಿ ಇನ್ನೂ ಹೋಗಿಲ್ಲ. ಹುಡುಗಿ ಒಲ್ಲೆ ಎಂದರೆ ತನ್ನ ಮಾನವೇ ಹೋಯಿತೆಂದು ಕುದಿಯುವ ಹುಡುಗನಿಗೆ, ಬೇಡವೆನಿಸಿಕೊಂಡರೂ ತಾನು ಕಡಿಮೆಯಾಗುವುದಿಲ್ಲ ಎಂದು ಯಾರೂ ಹೇಳಿಕೊಟ್ಟಿಲ್ಲ. ಪ್ರೀತಿ ನಿರಾಕರಿಸಿದ್ದಕ್ಕೆ ಚಾಕು ಹಾಕಿದ ಸುದ್ದಿ ಓದಿ ಕಠಿಣ ಶಿಕ್ಷೆಗೆ ಒತ್ತಾಯಿಸುವ ನಾವು, ಆ ಹುಡುಗ ಎಂಟನೇ ತರಗತಿಯಲ್ಲಿದ್ದಾಗ ಏನು ಕಲಿತ ಎಂದು ಕೇಳುವುದಿಲ್ಲ. ಬೋರ್ಡಿನ ಮೇಲೆ ಆ ಮೆಸೇಜು ಬರೆದ ದಿನ ಅವನೂ ಒಳಗಿರಬೇಕು, ಅವಳ 'ಇಲ್ಲ'ಕ್ಕೆ ಅವನು ಕೊಡುವ ಉತ್ತರವನ್ನೂ ತರಗತಿ ಕೇಳಬೇಕು.