ಮೇಲಿನ ಸಾಲಿನ ಮೋಹ

ಎಸ್‌ಎಸ್‌ಡಿ ವಿಮರ್ಶೆ ಅನ್ನುವುದು ಈಗ ಒಂದು ಸ್ಕ್ರೀನ್‌ಶಾಟ್‌ಗೆ ಬಂದು ನಿಂತಿದೆ. ಡಬ್ಬಿ ಬಿಚ್ಚಬೇಕು, ಮದರ್‌ಬೋರ್ಡ್‌ಗೆ ಸಿಕ್ಕಿಸಬೇಕು, ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಬೇಕು, ಮೇಲಿನ ಸಾಲಿನಲ್ಲಿ ಏಳು ಸಾವಿರ ಚಿಲ್ಲರೆ ಎಂಬಿ ಮೂಡುತ್ತಿದ್ದಂತೆ ‘ಬೆಂಕಿ ಸ್ಪೀಡು ಗುರು’ ಅನ್ನಬೇಕು. ಇಂಗ್ಲಿಷ್ ಚಾನೆಲ್‌ಗಳಿಂದ ಹಿಡಿದು ನಮ್ಮ ಕನ್ನಡದ ಯೂಟ್ಯೂಬ್ ವಿಮರ್ಶಕರವರೆಗೆ ಬಹುತೇಕರದು ಇದೇ ರಾಗ. ಬೆಂಗಳೂರಿನ ಎಸ್.ಪಿ. ರೋಡಿನ ಕೌಂಟರ್‌ನಲ್ಲೂ ಗಿರಾಕಿಯ ಮುಂದೆ ಇಡುವುದು ಇದೇ ಅಂಕಿ. ಅಂಕಿ ಸುಳ್ಳಲ್ಲ. ಆದರೆ ಒಳ್ಳೆಯ ಬೆಲೆಗೆ ವೇಗದ ಡ್ರೈವ್ ಬೇಕು ಅಂತ ಬಂದವರಿಗೆ ಇಷ್ಟು ನಿರುಪಯೋಗಿ ಮಾಹಿತಿ ಇನ್ನೊಂದಿಲ್ಲ.

ಸಾಟಾ ಯಾವುದು, ಎನ್‌ವಿಎಂಇ ಯಾವುದು, ಟಿಎಲ್‌ಸಿಗೂ ಕ್ಯೂಎಲ್‌ಸಿಗೂ ಏನು ವ್ಯತ್ಯಾಸ ಅನ್ನುವುದನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಆ ಸ್ಕ್ರೀನ್‌ಶಾಟನ್ನೇ ಎದುರಿಗಿಟ್ಟುಕೊಂಡು ನಿಧಾನವಾಗಿ ಓದಿದರೆ ಸಾಕು. ನಾಲ್ಕು ಸಾಲು, ಓದುವುದಕ್ಕೊಂದು ಬರೆಯುವುದಕ್ಕೊಂದು ಕಾಲಂ, ಒಟ್ಟು ಎಂಟು ಅಂಕಿ. ಮೇಲಿನ ಸಾಲಿನ ಹೆಸರಲ್ಲೇ ಕ್ಯೂ8 ಅಂತಿದೆ: ತಲಾ ಒಂದು ಎಂಬಿಯ ಎಂಟು ಬೇಡಿಕೆಗಳನ್ನು ಒಟ್ಟಿಗೆ ಸರದಿಯಲ್ಲಿಟ್ಟು ಡ್ರೈವ್ ಮೈತುಂಬ ದುಡಿಯುವಂತೆ ಮಾಡಿದಾಗ ಬರುವ ಅಂಕಿ ಅದು. ಮನೆಯ ಕಂಪ್ಯೂಟರಿನಲ್ಲಿ ಅಂಥ ಹೊತ್ತು ಬರುವುದು ಯಾವಾಗ? ಅಷ್ಟೇ ವೇಗದ ಇನ್ನೊಂದು ಡ್ರೈವ್‌ಗೆ ದೊಡ್ಡ ಫೈಲು ಸಾಗಿಸುವಾಗ. ಆಚೆ ಬದಿಯಲ್ಲಿರುವುದು ಹಾರ್ಡ್‌ಡಿಸ್ಕೋ ಗಿಗಾಬಿಟ್ ಲ್ಯಾನೋ ಆಗಿದ್ದರೆ ಆಟ ನೂರಿನ್ನೂರು ಎಂಬಿಯ ಆಸುಪಾಸಿನಲ್ಲೇ ಮುಗಿಯುತ್ತದೆ.

ಯಾರೂ ಓದದ ಕೆಳಗಿನ ಸಾಲಿಗೆ ಬನ್ನಿ. ನಾಲ್ಕು ಕೆಬಿಯ ಚೂರು, ಒಂದು ಸಲಕ್ಕೆ ಒಂದೇ ಬೇಡಿಕೆ, ಉತ್ತರ ಬಂದ ಮೇಲೆಯೇ ಮುಂದಿನದು. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಡ್ರೈವ್‌ಗೆ ಬೀಳುವ ಕೆಲಸ ಬಹುಪಾಲು ಈ ಜಾತಿಯದು. ಏಳು ಸಾವಿರದ ಡ್ರೈವ್ ಇಲ್ಲಿ ತೋರಿಸುವುದು ಎಂಬತ್ತು ಎಂಬಿ ಆಸುಪಾಸು. ಲೆಕ್ಕ ಹಾಕಿ: ಒಂದು ಓದಿಗೆ 50 ಮೈಕ್ರೋಸೆಕೆಂಡ್ ಹಿಡಿದರೆ ಸೆಕೆಂಡಿಗೆ 20,000 ಓದು, ತಲಾ 4 ಕೆಬಿಯಂತೆ 80 ಎಂಬಿ. ಆ 50ರಲ್ಲಿ ದೊಡ್ಡ ಪಾಲು ಫ್ಲ್ಯಾಶ್ ಕೋಶದಿಂದ ಮಾಹಿತಿ ಎತ್ತುವುದಕ್ಕೇ ಹೋಗುತ್ತದೆ. ಪಿಸಿಐಇ ದಾರಿಯನ್ನು ಎಷ್ಟು ಅಗಲ ಮಾಡಿದರೂ ಅದು ಕರಗುವುದಿಲ್ಲ. ಮೂರನೆಯ ತಲೆಮಾರಿನಿಂದ ಐದನೆಯದಕ್ಕೆ ಬರುವಷ್ಟರಲ್ಲಿ ಮೇಲಿನ ಸಾಲು 3,500ರಿಂದ 14,000ಕ್ಕೆ ಜಿಗಿಯಿತು. ಕೆಳಗಿನದು ಹೆಚ್ಚೆಂದರೆ ದುಪ್ಪಟ್ಟಾಗಿದೆ. ಹಾರ್ಡ್‌ಡಿಸ್ಕ್ ಇದೇ ಸಾಲಿನಲ್ಲಿ ಒಂದು ಎಂಬಿ ದಾಟಲು ಏದುಸಿರು ಬಿಡುತ್ತದೆ, ಸಾಟಾ ಎಸ್‌ಎಸ್‌ಡಿ ಮೂವತ್ತು ನಲವತ್ತು ಕೊಡುತ್ತದೆ. ಹಾರ್ಡ್‌ಡಿಸ್ಕ್ ಕಿತ್ತು ಮೊದಲ ಎಸ್‌ಎಸ್‌ಡಿ ಹಾಕಿದ ದಿನದ ಖುಷಿ ಆಮೇಲಿನ ಯಾವ ಅಪ್‌ಗ್ರೇಡ್‌ನಲ್ಲೂ ಸಿಗದಿರುವುದು ಇದಕ್ಕೇ. ಈ ಸಾಲನ್ನು ನಿಜವಾಗಿ ಎತ್ತಿದ್ದು ಇಂಟೆಲ್ಲಿನ ಆಪ್ಟೇನ್. ಬೆಲೆ ವಿಪರೀತ, ಕೊಳ್ಳುವವರು ಕಡಿಮೆ. 2022ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಅದೇ ಸಾಲಿನಲ್ಲಿ ಇನ್ನೊಂದು ವಿಚಿತ್ರ. ಬರೆಯುವ ಅಂಕಿ ಓದುವ ಅಂಕಿಯನ್ನು ಮೀರಿಸಿರುತ್ತದೆ. ಫ್ಲ್ಯಾಶ್‌ಗೆ ಬರೆಯುವುದು ಓದುವುದಕ್ಕಿಂತ ಎಷ್ಟೋ ನಿಧಾನದ ಕೆಲಸವಲ್ಲವೇ? ಕಂಟ್ರೋಲರ್ ಮಾಹಿತಿಯನ್ನು ಬಫರ್‌ಗೆ ತೆಗೆದುಕೊಂಡ ಕೂಡಲೇ ‘ಆಯಿತು’ ಅನ್ನುತ್ತದೆ, ಕೋಶಕ್ಕೆ ಇಳಿಸುವುದು ಆಮೇಲೆ. ಇಳಿಸುವುದೂ ಮೊದಲು ಎಸ್‌ಎಲ್‌ಸಿ ಕ್ಯಾಶ್‌ಗೆ, ಅಂದರೆ ಕೋಶಕ್ಕೆ ಒಂದೇ ಬಿಟ್‌ನಂತೆ ಬೇಗಬೇಗ ಬರೆದುಬಿಡುವ ಜಾಗಕ್ಕೆ. ಕ್ಯಾಶ್‌ನ ಗಾತ್ರ ಹತ್ತಾರು ಜಿಬಿ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಾನಾಗಿ ಬರೆದು ನೋಡುವುದು ಒಂದು ಜಿಬಿ. ಖಾಲಿ ಡ್ರೈವ್ ಮೇಲೆ ಒಂದು ಜಿಬಿ ಬರೆದು ತೀರ್ಪು ಕೊಡುವುದು ಮೊದಲ ಪಂಕ್ತಿ ನೋಡಿಯೇ ಅಡುಗೆಯವರನ್ನು ಹೊಗಳಿದ ಹಾಗೆ.

ಕೊನೆಯ ಪಂಕ್ತಿಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಸ್ಯಾಮ್‌ಸಂಗ್‌ನ 870 ಕ್ಯೂವಿಒ ನೋಡಿ. ಬರೆಯುವ ವೇಗ 530 ಎಂಬಿ ಅನ್ನುವುದು ಜಾಹೀರಾತಿನ ಮಾತು. 1 ಟಿಬಿ ಡ್ರೈವ್‌ನಲ್ಲಿ 42 ಜಿಬಿ ಕ್ಯಾಶ್ ತುಂಬಿದ ಮೇಲೆ ವೇಗ 80 ಎಂಬಿಗೆ ಇಳಿಯುತ್ತದೆ ಅನ್ನುವುದು ಅದೇ ಕಂಪನಿಯ ಡೇಟಾಶೀಟ್‌ನ ಮಾತು. ಮದುವೆ ವಿಡಿಯೊ ಮಾಡುವವರು ಇನ್ನೊಂದು ಎಸ್‌ಎಸ್‌ಡಿಯಿಂದ ಇದಕ್ಕೆ 200 ಜಿಬಿ ಇಳಿಸಲು ಕೂತರೆ ಮೊದಲ 42 ಜಿಬಿ ಒಂದೂವರೆ ನಿಮಿಷದೊಳಗೆ ಬಂದೀತು. ಉಳಿದದ್ದಕ್ಕೆ ಅರ್ಧ ಗಂಟೆ ದಾಟುತ್ತದೆ. ಸ್ಯಾಮ್‌ಸಂಗನ್ನು ದೂರುವ ಹಾಗಿಲ್ಲ, ಅದು ಬರೆದೇ ಇಟ್ಟಿದೆ. ಓದಿ ಹೇಳಬೇಕಾದವರು ಹೇಳಲಿಲ್ಲ.

ಇನ್ನೂ ಕೆಟ್ಟದ್ದು 2021ರಲ್ಲಿ ಆಯಿತು. ಕ್ರೂಶಿಯಲ್ ಪಿ2 ಟಿಎಲ್‌ಸಿ ಫ್ಲ್ಯಾಶ್‌ನೊಂದಿಗೆ ಬಂದಿತ್ತು, ಹೊಗಳಿಕೆಯೂ ಸಿಕ್ಕಿತ್ತು. ಆಮೇಲೆ ಅದೇ ಹೆಸರಿನೊಳಗೆ ಕ್ಯೂಎಲ್‌ಸಿ ಕೂತಿತು. ಟಾಮ್ಸ್ ಹಾರ್ಡ್‌ವೇರ್ ಎಂಬ ವಿಮರ್ಶಾ ಜಾಲತಾಣ ಅದನ್ನು ಅಂಗಡಿಯಿಂದ ತಂದು ಪರೀಕ್ಷಿಸಿದಾಗ ಕ್ಯಾಶ್ ಮುಗಿದ ಮೇಲೆ ಸಿಕ್ಕದ್ದು 40 ಎಂಬಿ. ಡಬ್ಲ್ಯುಡಿ ಬ್ಲೂ ಎಸ್‌ಎನ್550 ಕೂಡ ಅದೇ ವರ್ಷ ಒಳಗಿನ ಫ್ಲ್ಯಾಶ್ ಬದಲಿಸಿ ನಿಧಾನವಾಯಿತು. ಹಳೆಯ ವಿಮರ್ಶೆಗಳ ನಕ್ಷತ್ರಗಳು ಮಾತ್ರ ಹಾಗೇ ಉಳಿದವು. ಬೆಲೆಯ ಸಲಹೆಗಳದ್ದೂ ಇದೇ ಗತಿ: 2023ರ ಮಧ್ಯದಲ್ಲಿ ನೆಲ ಕಚ್ಚಿದ್ದ ಫ್ಲ್ಯಾಶ್ ಬೆಲೆ, ತಯಾರಕರು ಉತ್ಪಾದನೆ ಕಡಿತ ಮಾಡಿದ್ದರಿಂದ ವರ್ಷದ ಕೊನೆಗೆ ಮೇಲೇರಿತ್ತು.

ಈ ಕಸುಬು ಮೊದಲಿನಿಂದಲೂ ಹೀಗಿರಲಿಲ್ಲ. 2008ರ ಇಂಟೆಲ್ ಎಕ್ಸ್25-ಎಂ ಬರೆಯುತ್ತಿದ್ದದ್ದು ಸೆಕೆಂಡಿಗೆ 70 ಎಂಬಿ. ಜೆಮೈಕ್ರಾನ್ ಕಂಟ್ರೋಲರಿನ ಅಗ್ಗದ ಡ್ರೈವ್‌ಗಳು ಕಾಗದದ ಮೇಲೆ ಅದನ್ನು ಹಿಂದೆ ಹಾಕುತ್ತಿದ್ದವು, ಬಳಸುವಾಗ ತಡವರಿಸಿ ನಿಲ್ಲುತ್ತಿದ್ದವು. ಆನಂದ್‌ಟೆಕ್ ಜಾಲತಾಣದ ಆನಂದ್ ಲಾಲ್ ಶಿಂಪಿ ಆ ತಡವರಿಕೆಯನ್ನೇ ಬೆನ್ನಟ್ಟಿ ಅಳೆದು ಪುಟಗಟ್ಟಲೆ ಬರೆದರು. ಅವರ ಟೀಕೆಗೆ ಓಗೊಟ್ಟು 2009ರಲ್ಲಿ ಒಸಿಝಡ್ ಕಂಪನಿ ತನ್ನ ವರ್ಟೆಕ್ಸ್ ಡ್ರೈವ್‌ನ ಫರ್ಮ್‌ವೇರನ್ನು ಗರಿಷ್ಠ ವೇಗ ಬಿಟ್ಟುಕೊಟ್ಟು ತಿದ್ದಿತು. ವಿಮರ್ಶೆ ಅಂದರೆ ಅದು. ಆನಂದ್‌ಟೆಕ್ 2024ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು.

ಇನ್ನು ಸ್ಕ್ರೀನ್‌ಶಾಟ್ ಪಂಗಡವನ್ನು ಹೀಯಾಳಿಸುವ ಪಂಡಿತರ ಪಂಗಡವೊಂದಿದೆ. ಇವರದು ಒಂದೇ ಮಂತ್ರ: ‘ಡಿರ‍್ಯಾಮ್ ಇಲ್ಲದ ಡ್ರೈವ್ ಮುಟ್ಟಬೇಡಿ.’ ಯಾಕೆ ಅಂತ ಕೇಳಿದರೆ, ಫೈಲುಗಳು ಮೊದಲು ಡಿರ‍್ಯಾಮ್‌ಗೆ ಬೀಳುತ್ತವೆ, ಹಾಗಾಗಿ ವೇಗ ಅನ್ನುತ್ತಾರೆ. ತಪ್ಪು. ಡಿರ‍್ಯಾಮ್‌ನಲ್ಲಿ ಬಹುಪಾಲು ಇರುವುದು ಯಾವ ಮಾಹಿತಿ ಯಾವ ಕೋಶದಲ್ಲಿದೆ ಅನ್ನುವ ವಿಳಾಸಪಟ್ಟಿ. ಪ್ರತಿ 4 ಕೆಬಿಗೆ 4 ಬೈಟ್ ವಿಳಾಸದಂತೆ 1 ಟಿಬಿಗೆ 1 ಜಿಬಿ ಪಟ್ಟಿ ಬೇಕು. ಒಳ್ಳೆಯ ಡ್ರೈವ್‌ಗಳಲ್ಲಿ 1 ಟಿಬಿಗೆ 1 ಜಿಬಿ ಡಿರ‍್ಯಾಮ್ ಇರುವುದು ಇದೇ ಲೆಕ್ಕಕ್ಕೆ. ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಡ್ರೈವ್ ಎಚ್‌ಎಂಬಿ ಮೂಲಕ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಒಂದಿಷ್ಟು ಜಾಗ ಕಡ ತೆಗೆದುಕೊಳ್ಳುತ್ತದೆ. 64 ಎಂಬಿ ಸಿಕ್ಕಿದರೂ 64 ಜಿಬಿ ಮಾಹಿತಿಯ ವಿಳಾಸ ಕೈಯಳತೆಯಲ್ಲಿರುತ್ತದೆ. ಮನೆ, ಆಫೀಸಿನ ಬಳಕೆಯಲ್ಲಿ ಒಂದು ಹೊತ್ತಿಗೆ ಅದಕ್ಕಿಂತ ಹೆಚ್ಚು ಕೆದಕುವವರು ಎಷ್ಟು ಮಂದಿ? 2022ರ ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್770ರಲ್ಲಿ ಡಿರ‍್ಯಾಮ್ ಇಲ್ಲ. ಆಟ ಆಡುವವರಿಗೂ ಕೋಡ್ ಬರೆಯುವವರಿಗೂ ಅದು ಕೊರತೆ ಅನ್ನಿಸುವುದು ಅಪರೂಪ. ಈ ಮಂತ್ರ ನಂಬಿ ಹೆಚ್ಚಿಗೆ ಕೊಡುವ ದುಡ್ಡನ್ನು ಟಿಎಲ್‌ಸಿ ಫ್ಲ್ಯಾಶ್‌ನ ನಾಲ್ಕನೆಯ ತಲೆಮಾರಿನ ಡ್ರೈವ್‌ನಲ್ಲೇ ಹೆಚ್ಚಿನ ಜಾಗಕ್ಕೆ ಹಾಕುವುದು ಮೇಲು. ಐದನೆಯ ತಲೆಮಾರಿಗೆ ಸುರಿಯುವ ದುಡ್ಡಿಗೂ ನನ್ನ ಸಲಹೆ ಇದೇ.

ಪಂಡಿತರ ಮಾತು ನಿಜವಾಗುವುದು ಸಾಟಾದಲ್ಲಿ. ಅಲ್ಲಿ ಎಚ್‌ಎಂಬಿ ಅನ್ನುವ ಏರ್ಪಾಡೇ ಇಲ್ಲ, ಡಿರ‍್ಯಾಮ್ ಇಲ್ಲದಿದ್ದರೆ ಡ್ರೈವ್ ವಿಳಾಸಕ್ಕೂ ಫ್ಲ್ಯಾಶ್‌ನ ಕದ ತಟ್ಟಬೇಕು. ಹಳೆಯ ಲ್ಯಾಪ್‌ಟಾಪ್‌ಗೆ ಜೀವ ಕೊಡಲು ಹೊರಟವರು ಡಿರ‍್ಯಾಮ್ ಇಲ್ಲದ ಕ್ರೂಶಿಯಲ್ ಬಿಎಕ್ಸ್500 ಅಗ್ಗ ಅಂತ ಕೈ ಹಾಕುವ ಮೊದಲು ಅದು ಇರುವ ಎಂಎಕ್ಸ್500 ಅಥವಾ ಸ್ಯಾಮ್‌ಸಂಗ್ 870 ಇವಿಒ ಬೆಲೆ ಕೇಳಲಿ. ವ್ಯತ್ಯಾಸ ಕೆಲವೇ ನೂರು ರೂಪಾಯಿ ಆಗಿದ್ದರೆ ಯೋಚನೆಯೇ ಬೇಡ.