ಮನಃಶಾಸ್ತ್ರ ಪ್ರಕಟಣೆ ಮತ್ತು ಲೇಖಕಿಯ ಸ್ಥಾನ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಮಹಾರಾಜ ಕಾಲೇಜಿನಲ್ಲಿ ಆ ಶಾಸ್ತ್ರವನ್ನು ವ್ಯಾಸಂಗ ಮಾಡಿದ ತ್ರಿವೇಣಿ (1928-1963) ತಮ್ಮ ಅರಿವನ್ನು ಕಾದಂಬರಿಗಳಲ್ಲಿ ಅಭಿವ್ಯಕ್ತಿಸಿದರು. ಅವರ ಸಾಧನೆಯನ್ನು ಸಾಹಿತ್ಯ ವಿಮರ್ಶೆ ಗುರುತಿಸಿದೆ. ಶಾಸ್ತ್ರದ ಚರಿತ್ರೆಯಲ್ಲಿ ಅದಕ್ಕಿರುವ ಸ್ಥಾನವನ್ನು ಮಾತ್ರ ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿದೆ.

'ಶರಪಂಜರ'ದ ಕಾವೇರಿ ಹೆರಿಗೆಯ ತರುವಾಯ ಮನೋರೋಗಕ್ಕೆ ತುತ್ತಾಗಿ, ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಅವಳನ್ನು ಮತ್ತೆ ರೋಗಕ್ಕೆ ದೂಡುವುದು ಮನೆಯವರ ಸಂಶಯ ಹಾಗೂ ಪತಿಯ ವರ್ತನೆ. ರೋಗಿಯ ಮರುಕಳಿಕೆಗೂ ಮನೆಯ ವಾತಾವರಣಕ್ಕೂ ಇರುವ ಸಂಬಂಧವನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಹೋದ್ಯೋಗಿಗಳು 1958ರಿಂದ ವೈಜ್ಞಾನಿಕ ಪತ್ರಿಕೆಗಳಲ್ಲಿ ಪ್ರತಿಪಾದಿಸಿದರು. ಅವರ ಅಧ್ಯಯನಕ್ಕೆ ಹಲವು ರೋಗಿಗಳ ಆಧಾರವಿತ್ತು. ಕಾವೇರಿ ಒಬ್ಬಳೇ, ಅದೂ ಕಲ್ಪಿತ ಪಾತ್ರ. ಆದ್ದರಿಂದ ಕಾದಂಬರಿಯನ್ನು ಸಂಶೋಧನೆಯೆಂದು ಕರೆಯುವುದು ಸಾಧುವಲ್ಲ. ಆದರೆ ಪರೀಕ್ಷೆಗೆ ಒಳಪಡಿಸಬಹುದಾದ ಒಂದು ಊಹೆಯನ್ನು ಅದು ಕನ್ನಡದಲ್ಲಿ ಮುಂದಿಟ್ಟಿತೆಂಬುದನ್ನು ಅಲ್ಲಗಳೆಯಲಾಗದು.

ಇಂಥ ಪರೀಕ್ಷೆಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಕ್ಷೇತ್ರ ಸಿದ್ಧವಾಗಿದೆ. ಹಿರಿಯೂರು, ಚಳ್ಳಕೆರೆ ಮುಂತಾದ ತಾಲ್ಲೂಕುಗಳ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯಿಂದ ಹೊರಗಿರಿಸುವ ರೂಢಿ ವರದಿಯಾಗುತ್ತ ಬಂದಿದೆ. ಆಚರಣೆಯ ವಿವರ ದಾಖಲಾದ ಮಾತ್ರಕ್ಕೆ ಗುಡಿಸಲಲ್ಲಿ ಕೂಸಿನೊಡನೆ ಉಳಿದ ತಾಯಿಯ ಮನಃಸ್ಥಿತಿ ತಿಳಿಯದು. ಅದನ್ನು ಅವಳ ಆಡುಮಾತಿನಲ್ಲಿಯೇ ಕೇಳಿ ಬರೆಯಬೇಕು. ಅಲ್ಲಿಗೆ ಪ್ರವೇಶ ಸುಲಭವಾಗುವುದು ಸಂಶೋಧಕಿಗೇ. ಕೇಳಿದ್ದು ಕನ್ನಡದಲ್ಲಿ, ಮನ್ನಣೆ ದೊರೆಯುವುದು ಇಂಗ್ಲಿಷ್ ಬರಹಕ್ಕೆ ಎಂದಾದರೆ ಆಕೆಯ ದುಡಿಮೆ ಇಮ್ಮಡಿಯಾಗುತ್ತದೆ; ಹೇಳಿಕೊಂಡ ತಾಯಿಗಂತೂ ಆ ಬರಹ ತಲುಪುವುದೇ ಇಲ್ಲ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಮುಂಬಡ್ತಿಗೆ ಪ್ರಕಟಣೆಗಳ ಅಂಕಗಣನೆಯನ್ನು ತಂದಿತು. 2019ರ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಪತ್ರಿಕೆಗಳ ಗುಣಮಟ್ಟವನ್ನು ನಿರ್ಣಯಿಸುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೇ ವಹಿಸಿತು. ಚಿತ್ರದುರ್ಗ ಜಿಲ್ಲೆಯನ್ನು ವ್ಯಾಪ್ತಿಯಲ್ಲಿರಿಸಿಕೊಂಡು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದಂಥ ಸಂಸ್ಥೆಗಳಿಗೆ ಇದೊಂದು ಅವಕಾಶ. ವಿಷಯತಜ್ಞರ ಪರಿಶೀಲನೆಗೆ ಒಳಪಟ್ಟ ಕನ್ನಡದ ಮನಃಶಾಸ್ತ್ರ ಪ್ರಬಂಧಗಳಿಗೂ ಮುಂಬಡ್ತಿಯಲ್ಲಿ ಸಮಾನ ಅಂಕ ದೊರೆಯಬೇಕು. ಪರಿಶೀಲಕರ ಮಂಡಳಿಯಲ್ಲಿ ಸ್ತ್ರೀಯರಿರಬೇಕು. ಹಾಗಾದಲ್ಲಿ ತ್ರಿವೇಣಿ ಕಥೆಯಲ್ಲಿ ಎತ್ತಿದ ಪ್ರಶ್ನೆಯನ್ನು ಮುಂದಿನ ತಲೆಮಾರಿನ ಲೇಖಕಿಯರು ಶಾಸ್ತ್ರದ ಪುಟಗಳಲ್ಲಿ, ತಮ್ಮ ಹೆಸರಿನಲ್ಲಿಯೇ, ಮುಂದುವರಿಸುವುದು ಸಾಧ್ಯವಾದೀತು.