ಪದವಿ ಕಾಲೇಜಿನ ಗುಣಮಟ್ಟದ ಲೆಕ್ಕ: ಸಾಗರ, ಹೊಸನಗರ, ತೀರ್ಥಹಳ್ಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಏನು ಕಲಿಸಬೇಕೆಂದು ಗೊತ್ತುಮಾಡುವವರು ಒಬ್ಬರು, ಕಲಿಸಿದ್ದು ಎಷ್ಟು ಫಲ ಕೊಟ್ಟಿತೆಂದು ಉತ್ತರ ಹೇಳಬೇಕಾದವರು ಇನ್ನೊಬ್ಬರು. ಸಾಗರದ ಲಾಲ್ ಬಹಾದ್ದೂರ್ ಕಾಲೇಜು, ಇಂದಿರಾಗಾಂಧಿ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು, ಹೊಸನಗರದ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ ಇವೆಲ್ಲ ಕುವೆಂಪು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳು. ಪಠ್ಯಕ್ರಮ ರೂಪುಗೊಳ್ಳುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳಲ್ಲಿ. ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ವೇಳಾಪಟ್ಟಿಯೂ ಅಲ್ಲಿಯದೇ. ಕಾಲೇಜಿನ ಪಾಲಿಗೆ ಉಳಿಯುವುದು ಪಾಠ, ಆಂತರಿಕ ಪರೀಕ್ಷೆ ಮತ್ತು ವಿದ್ಯಾರ್ಥಿಗಳ ದಿನದಿನದ ಒಡನಾಟ. ಸತತ ಸುಧಾರಣೆಯ ಹೆಸರಿನಲ್ಲಿ ಈಗ ನಡೆಯುತ್ತಿರುವ ಯೋಜನೆ ಮತ್ತು ಮಾಪನವನ್ನು ತೂಗುವಾಗ ಈ ಹಂಚಿಕೆಯನ್ನು ಮರೆಯುವಂತಿಲ್ಲ.

ಈ ಕೆಲಸಕ್ಕೆ ಚೌಕಟ್ಟು ಹಾಕಿಕೊಟ್ಟದ್ದು 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ (ನ್ಯಾಕ್). ಅದರ ಪ್ರಕಾರ ಪ್ರತಿ ಕಾಲೇಜಿನಲ್ಲಿ ಐಕ್ಯೂಎಸಿ ಎಂಬ ಗುಣಮಟ್ಟದ ಕೋಶವಿರಬೇಕು, ಅದು ವರ್ಷವರ್ಷವೂ ವರದಿ ಸಲ್ಲಿಸಬೇಕು. ಒಟ್ಟು ಏಳು ಮಾನದಂಡ, 1000 ಅಂಕ. ಸಂಯೋಜಿತ ಕಾಲೇಜುಗಳಿಗೆ ಅದರಲ್ಲಿ 350 ಅಂಕ ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ. ಈ ತೂಕ ನ್ಯಾಯವಾದದ್ದು. ಫಲಿತಾಂಶದ ವಿಶ್ಲೇಷಣೆ, ಗ್ರಂಥಾಲಯದ ಬಳಕೆ, ಓದು ಮುಗಿಸಿದವರು ಎಲ್ಲಿಗೆ ಹೋದರು ಎಂಬ ಮಾಹಿತಿ, ಇವನ್ನೆಲ್ಲ ಬರೆದಿಡುವ ಶಿಸ್ತು ಗ್ರಾಮೀಣ ಕಾಲೇಜುಗಳಲ್ಲಿ ಬೆಳೆಯಲು ನ್ಯಾಕ್ ನೆರವಾಗಿದೆ. ತೊಡಕು ಬಿಗಿಯಾದದ್ದು 2017ರ ಪರಿಷ್ಕೃತ ಚೌಕಟ್ಟಿನಿಂದ. ಅಂಕಗಳ ದೊಡ್ಡ ಪಾಲು ಅಪ್‌ಲೋಡ್ ಮಾಡಿ ತೋರಿಸಬಹುದಾದ ಸಂಖ್ಯೆಗಳಿಗೆ ಹೋಯಿತು. ಒಂದು ವಿಶೇಷ ಉಪನ್ಯಾಸ ನಡೆದರೆ ಸುತ್ತೋಲೆ, ಸಹಿಯಿರುವ ಹಾಜರಿ ಪಟ್ಟಿ, ಜಿಯೋಟ್ಯಾಗ್ ಫೋಟೊ, ವರದಿ ಎಲ್ಲವೂ ಕಡತ ಸೇರುತ್ತವೆ. ಆ ಉಪನ್ಯಾಸ ಯಾರಿಗೆ ಏನು ತಿಳಿಸಿತು ಎಂದು ಕೇಳುವ ಅಂಕಣ ಮಾತ್ರ ಕಾಣುವುದಿಲ್ಲ.

ಅತಿ ಹೆಚ್ಚು ಶ್ರಮ ಬೇಡುವ, ಅತಿ ಕಡಿಮೆ ತಿಳಿಸುವ ಭಾಗವೆಂದರೆ ಕಲಿಕಾ ಫಲಿತದ ಲೆಕ್ಕ. ಅಧ್ಯಾಪಕರ ಮಾತಿನಲ್ಲಿ ಇದು ‘ಸಿಒ–ಪಿಒ ಮ್ಯಾಪಿಂಗ್’, ಅಂದರೆ ಪ್ರತಿ ಪತ್ರಿಕೆಯ ಫಲಿತಗಳನ್ನು ಇಡೀ ಪದವಿಯ ಫಲಿತಗಳಿಗೆ ಜೋಡಿಸಿ ಅಳೆಯುವುದು. ಭಾರತದಲ್ಲಿ ಇದು ಗಟ್ಟಿಯಾಗಿ ಬೇರೂರಿದ್ದು ಇಂಜಿನಿಯರಿಂಗ್ ಶಿಕ್ಷಣದಲ್ಲಿ. 2014ರಲ್ಲಿ ದೇಶ ಇಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಯ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾಗಲು ಈ ಪದ್ಧತಿ ಬೇಕಿತ್ತು. ಕಲೆ, ವಾಣಿಜ್ಯ ಪದವಿಗಳೂ ಅದನ್ನೇ ಎತ್ತಿಕೊಂಡವು. ಬಿ.ಎ. ಅರ್ಥಶಾಸ್ತ್ರದ ಒಂದು ಪತ್ರಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೇಡಿಕೆ ಮತ್ತು ಪೂರೈಕೆಯ ವ್ಯಾಖ್ಯಾನ ಗೊತ್ತಿರುವುದು ಮೊದಲ ಫಲಿತ, ರೇಖಾಚಿತ್ರ ಬಿಡಿಸಿ ವಿವರಿಸುವುದು ಎರಡನೆಯದು, ಅಡಿಕೆ ಧಾರಣೆಯ ಏರಿಳಿತಕ್ಕೆ ಅದನ್ನು ಅನ್ವಯಿಸುವುದು ಮೂರನೆಯದು. ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗಳು ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಕಾಲೇಜಿಗೆ ಮರಳುವುದು ಒಟ್ಟು ಅಂಕ ಮಾತ್ರ. ವ್ಯಾಖ್ಯಾನ ಬಾಯಿಪಾಠ ಮಾಡಿ ಪಾಸಾದವರು ಯಾರು, ರೇಖಾಚಿತ್ರದಲ್ಲಿ ಎಡವಿದವರು ಯಾರು ಎಂಬುದು ಆ ಅಂಕದಲ್ಲಿ ಅಡಗಿಹೋಗುತ್ತದೆ. ಆದರೂ ಕೋಷ್ಟಕ ತುಂಬಲೇಬೇಕು. ಒಟ್ಟು ಅಂಕವನ್ನೇ ಮೂರೂ ಫಲಿತಗಳ ಮುಂದೆ ಬರೆದಾಗ ಮೂರು ಸಾಲಿನಲ್ಲೂ ಒಂದೇ ಅಂಕಿ ಕೂರುತ್ತದೆ. ಇದಕ್ಕೆ ಆಂತರಿಕ ಅಂಕ ಸೇರಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಅದು 100ಕ್ಕೆ 40 ಇತ್ತು. ವಿದ್ಯಾರ್ಥಿಗೆ ಅನ್ಯಾಯವಾಗದಿರಲೆಂದು ಆ ಅಂಕವನ್ನು ಧಾರಾಳವಾಗಿ ಕೊಡುವ ರೂಢಿಯಿಂದ ತರಗತಿಯ ಬಹುಪಾಲು ಮಂದಿ ಒಂದೇ ಎತ್ತರದಲ್ಲಿ ನಿಲ್ಲುತ್ತಾರೆ. ಎರಡನ್ನೂ ಕೂಡಿಸಿ ಎಕ್ಸೆಲ್ ಹಾಳೆ ದಶಮಾಂಶದವರೆಗೆ ಕೊಡುವ ಉತ್ತರ ನಿಖರವಾಗಿ ಕಾಣುತ್ತದೆ. ಮುಂದಿನ ವರ್ಷ ಯಾವ ಪಾಠವನ್ನು ಬೇರೆ ರೀತಿಯಲ್ಲಿ ಹೇಳಬೇಕು ಎಂದು ಕೇಳಿದರೆ ಅದರಲ್ಲಿ ಸುಳಿವೇ ಇಲ್ಲ. ಇದಕ್ಕೆ ಅಧ್ಯಾಪಕರನ್ನು ದೂರುವುದು ತಪ್ಪು. ಕೈಗೆ ಬಾರದ ಮಾಹಿತಿಯಿಂದ ಲೆಕ್ಕ ತೆಗೆಯಿರಿ ಎಂದು ಅವರಿಗೆ ಹೇಳಲಾಗಿದೆ.

ಸುಧಾರಣೆಯ ಚಕ್ರ ಒಂದು ಸುತ್ತು ಬರಬೇಕಾದರೆ ಒಂದು ತಂಡ ಪದವಿ ಮುಗಿಸಬೇಕು, ಅದರ ಅನುಭವದಿಂದ ತಿದ್ದಿದ ಪಾಠ ಇನ್ನೊಂದು ತಂಡಕ್ಕೆ ಸಿಗಬೇಕು. ಕರ್ನಾಟಕದಲ್ಲಿ ಅಷ್ಟು ಕಾಲ ಸಿಗಲಿಲ್ಲ. ರಾಷ್ಟ್ರೀಯ ನೀತಿಯ ಪಠ್ಯಕ್ರಮ ಜಾರಿಯಾದದ್ದು 2021–22ರಲ್ಲಿ. ಮೊದಲ ತಂಡ ಮೂರನೆಯ ವರ್ಷ ಮುಗಿಸಿದ್ದು 2024ರಲ್ಲಿ. ಅದೇ ವರ್ಷ ರಾಜ್ಯ ಸರ್ಕಾರ ಹೊಸಬರಿಗೆ ಬೇರೆ ಪಠ್ಯಕ್ರಮದ ಚೌಕಟ್ಟು ತಂದು ಮೂರು ವರ್ಷದ ಪದವಿಗೆ ಮರಳಿತು. ಯಾವ ನೀತಿ ಒಳ್ಳೆಯದು ಎಂಬ ವಾದ ಬೇರೆ. ಹಿಂದಿನದರಿಂದ ಕಲಿತದ್ದನ್ನು ಬಳಸಲು ಯಾವ ಕಾಲೇಜಿಗೂ ಅವಕಾಶವಾಗಲಿಲ್ಲ ಎಂಬುದು ದೊಡ್ಡ ನಷ್ಟ.

ಸರ್ಕಾರಿ ಕಾಲೇಜುಗಳಲ್ಲಿ ಇನ್ನೊಂದು ಕಷ್ಟವಿದೆ. ರಾಜ್ಯದಲ್ಲಿ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ಪದವಿ ತರಗತಿಗಳು ನಿಂತಿವೆ. ಸೇವಾ ಭದ್ರತೆಗಾಗಿ 2023ರ ನವೆಂಬರ್‌ನಲ್ಲಿ ಅವರು ಮುಷ್ಕರ ಹೂಡಿದಾಗ ಎಷ್ಟೋ ಕಡೆ ಪಾಠವೇ ನಿಂತಿತು. ಈ ವರ್ಷ ಬೋಧನಾ ಯೋಜನೆ ಬರೆದವರು ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ. ನೆನಪಿಟ್ಟುಕೊಳ್ಳುವವರೇ ಬದಲಾಗುತ್ತಿದ್ದರೆ ಸುಧಾರಣೆ ಎಲ್ಲಿ ನೆಲೆಸಬೇಕು?

ಊರಿನ ಸ್ಥಿತಿಯೂ ಲೆಕ್ಕದಿಂದ ಹೊರಗೇ ಉಳಿದಿದೆ. ಹುಲಿಕಲ್ಲಿನಂಥ ಅತಿ ಮಳೆಯ ಪ್ರದೇಶವಿರುವ ಹೊಸನಗರ ತಾಲ್ಲೂಕಿನಲ್ಲಿ ಮಳೆಗಾಲದ ರಜೆಗಳು ಬೋಧನಾ ದಿನಗಳನ್ನು ತಿನ್ನುತ್ತವೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನಾಚೆಯವರಿಗೆ ಸಾಗರಕ್ಕೆ ಬರಲು ಲಾಂಚಿನ ಸಮಯವೇ ಗಡಿಯಾರವಾಗಿತ್ತು. ಮೊದಲ ಅವಧಿಯ ಹಾಜರಾತಿ ಕಡಿಮೆಯಾದರೆ ಅದರಲ್ಲಿ ಆಸಕ್ತಿಯ ಕೊರತೆ ಎಷ್ಟು, ಬಸ್ಸಿನ ಕೊರತೆ ಎಷ್ಟು ಎಂದು ಬಿಡಿಸಿ ನೋಡುವ ಪ್ರಶ್ನೆ ನಮೂನೆಯಲ್ಲಿಲ್ಲ. ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಸಿಗ್ನಲ್ ಸಿಗದ ಹಳ್ಳಿಗಳ ಮಕ್ಕಳ ದನಿ ಅದರಲ್ಲಿ ಸಹಜವಾಗಿಯೇ ಕ್ಷೀಣ.

ಇದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಬೇರೊಂದು ಮಾದರಿಯಿದೆ. 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ವನ್ನೂ ಆರಂಭಿಸಿತು. ಅಲ್ಲಿ ವಿದ್ಯಾರ್ಥಿಗಳು ಕಲಿತದ್ದು ನಾಟಕವಾಗಿ ಪ್ರೇಕ್ಷಕರ ಎದುರು ನಿಲ್ಲುತ್ತದೆ. ಸೋತ ದೃಶ್ಯ ಯಾವುದೆಂದು ನಟನಿಗೂ ಗುರುವಿಗೂ ಅಂದೇ ಗೊತ್ತಾಗುತ್ತದೆ. ಸಣ್ಣ ವಸತಿ ಶಾಲೆಯ ಈ ಕ್ರಮವನ್ನು ತುಂಬಿದ ಬಿ.ಕಾಂ. ತರಗತಿಗೆ ಹಾಗೆಯೇ ತರಲಾಗದು. ಮಾಪನ ಕೆಲಸದ ಹತ್ತಿರವೇ ನಡೆದು, ಅದರ ಫಲ ಕಲಿಸಿದವರ ಕೈಗೇ ಸೇರಬೇಕೆಂಬ ತತ್ವವನ್ನು ಮಾತ್ರ ತರಬಹುದು.

ಅದಕ್ಕೆ ಕಾಲೇಜಿನ ಕೈಯಲ್ಲಿರುವ ಸಾಧನ ಆಂತರಿಕ ಪರೀಕ್ಷೆ. ಅದರ ಪ್ರಶ್ನೆ ಹಾಕುವವರೂ ತಿದ್ದುವವರೂ ಕಾಲೇಜಿನವರೇ ಆದ್ದರಿಂದ ಪ್ರಶ್ನೆವಾರು ಅಂಕ ಬರೆದಿಡಲು ಯಾರ ಅನುಮತಿಯೂ ಬೇಡ. ರೇಖಾಚಿತ್ರದ ಪ್ರಶ್ನೆಯಲ್ಲಿ ಅರ್ಧ ತರಗತಿ ಸೋತಿದ್ದರೆ ವಿಭಾಗದ ಸಭೆಯಲ್ಲಿ ಅದೇ ಉತ್ತರಗಳನ್ನು ಮುಂದಿಟ್ಟುಕೊಂಡು ಕಾರಣ ಹುಡುಕಬಹುದು. ಆ ಘಟಕವನ್ನು ಮತ್ತೆ ಹೇಳಿ, ಅದೇ ಬಗೆಯ ಪ್ರಶ್ನೆಯನ್ನು ಎರಡನೆಯ ಪರೀಕ್ಷೆಯಲ್ಲಿ ಕೇಳಬಹುದು. ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸ ಒಂದು ಪುಟದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಬರುವ ಅತಿಥಿ ಉಪನ್ಯಾಸಕರಿಗೆ ಅದೇ ಆಧಾರ. ಇದು ನಿಜವಾಗಬೇಕಾದರೆ ಆಂತರಿಕ ಅಂಕದ ಧಾರಾಳ ನಿಲ್ಲಬೇಕು. ಕಲಿಕೆಯನ್ನು ಅರಿಯಲು ನಡೆಸುವ ಪರೀಕ್ಷೆಯನ್ನು ಅಂತಿಮ ಅಂಕದಿಂದ ಬೇರ್ಪಡಿಸಿದರೆ ಅದು ಕಷ್ಟವೂ ಅಲ್ಲ. ಸೆಮಿಸ್ಟರ್ ಪರೀಕ್ಷೆಯ ಮಟ್ಟಿಗೆ ಪ್ರಶ್ನೆವಾರು ಅಂಕಗಳನ್ನು ವಿಶ್ವವಿದ್ಯಾಲಯವೇ ಕಾಲೇಜುಗಳಿಗೆ ಕೊಡಬೇಕು, ಮೂರೂ ತಾಲ್ಲೂಕುಗಳ ಅಧ್ಯಾಪಕರು ಅವುಗಳಲ್ಲಿ ಕಂಡದ್ದನ್ನು ಅಧ್ಯಯನ ಮಂಡಳಿ ಪಠ್ಯಕ್ರಮ ತಿದ್ದುವ ಮೊದಲು ಕೇಳಬೇಕು.